ಪಾದಸೇವೆಯ ಚರಿತ್ರೆ: ಹರಳಯ್ಯನ ನಾಡಿನಿಂದ



ಎರಡು ತಿಂಗಳಿಂದ ನಾನು ಇಲ್ಲಿ ಏನನ್ನೂ ಬರೆದಿರಲಿಲ್ಲ. ಕ್ಷೇಮ ವಿಚಾರಿಸಿ ನಿಮ್ಮಲ್ಲಿ ಅನೇಕರು ದೂರವಾಣಿ ಮಾಡಿದಿರಿ. “ಕಾಲು ಸ್ವಲ್ಪ ನೋವು” ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದೆ. ಅದು ಸತ್ಯವಲ್ಲ. ನನ್ನ ಕಾಲಿನಲ್ಲಿ ನೋವೇ ಇರಲಿಲ್ಲ, ತೊಂದರೆ ಇದ್ದದ್ದೂ ಅಲ್ಲಿಯೇ. ಈಗ ಗುಣಮುಖನಾಗಿದ್ದೇನೆ. ನಡೆದದ್ದನ್ನು ಹೇಳಿ, ಹಾಸಿಗೆಯಲ್ಲಿ ಮಲಗಿದ್ದಾಗ ಓದಿ ತಿಳಿದುಕೊಂಡ ಒಂದು ಚರಿತ್ರೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮಂಠಾಳದಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಗುರುವಂದನೆಯ ಕಾರ್ಯಕ್ರಮ ಇಟ್ಟುಕೊಂಡಿದ್ದದ್ದು ನಿಮಗೆ ಗೊತ್ತೇ ಇದೆ. ಶಾಲು, ಹಾರ, ಭಾಷಣಗಳೆಲ್ಲ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ಕಾಲಿಗೆ ನಮಸ್ಕರಿಸುತ್ತಿದ್ದರು. ಅವರಲ್ಲಿ ಒಬ್ಬಳು, ಶಾಲೆಯಲ್ಲಿ ಮಾತೇ ಆಡದೆ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿ, ಈಗ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ದಾದಿ. ಅವಳು ಬಾಗಿ ಪಾದ ಮುಟ್ಟಿದವಳು ಏಳಲೇ ಇಲ್ಲ.

“ಸರ್, ಈ ಕಾಲಿಗಿ ಏನಾಗ್ಯಾದ್ರಿ?”

“ಏನೂ ಇಲ್ಲವ್ವ” ಎಂದೆ.

ಅವಳು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಎಲ್ಲರೆದುರು ನನ್ನ ಬಲಗಾಲನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ದಪ್ಪ ಚರ್ಮದೊಳಗೆ ತೊಗರಿ ಕೂಳೆಯ ಚೂರೊಂದು ಮುರಿದು ನಿಂತಿತ್ತು. ಸುತ್ತ ಕೀವು ಕಟ್ಟಿತ್ತು. ನಾಲ್ಕು ದಿನದ ಹಿಂದೆ ಹೊಲಕ್ಕೆ ಹೋಗಿದ್ದಾಗ ಚಪ್ಪಲಿಯನ್ನು ಹಾದು ಒಳಹೊಕ್ಕಿರಬೇಕು. ನಾಲ್ಕು ದಿನ ಅದರ ಮೇಲೆಯೇ ನಡೆದಾಡಿದ್ದೆ, ನನಗೆ ತಿಳಿದಿರಲಿಲ್ಲ.

“ಸಕ್ಕರಿ ಎಷ್ಟ ವರ್ಷದಿಂದ ಅದ ಸರ್?”

“ಹದಿನೆಂಟು ವರ್ಷ.”

“ಹದಿನೆಂಟು ವರ್ಷದಾಗ ಯಾರರೆ ಒಮ್ಮೆ ನಿಮ್ಮ ಅಂಗಾಲ ನೋಡ್ಯಾರೇನ್ರಿ?”

ಯಾರೂ ನೋಡಿರಲಿಲ್ಲ. ರಕ್ತ ನೋಡಿದ್ದರು, ಮೂತ್ರ ನೋಡಿದ್ದರು, ಕಣ್ಣು ನೋಡಿದ್ದರು. ಅಷ್ಟೇಕೆ, ನಾನೇ ನೋಡಿಕೊಂಡಿರಲಿಲ್ಲ.

ಬಂಧುಗಳಿಗೆ ಇದನ್ನು ಓದುವಾಗ ನಮ್ಮ ಅಣ್ಣನ ನೆನಪಾಗದೆ ಇರದು. ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಾಗ ನಾವೆಲ್ಲ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತಿದ್ದೆವು. ಕಿರುಬೆರಳಿನ ಸಂದಿಯ ಒಂದು ಚಿಕ್ಕ ಹುಣ್ಣಿನಿಂದ ಆರಂಭವಾದದ್ದು ಅದು. ನಾವು ಮನೆಯಲ್ಲಿ ಅರಿಶಿನ ಹಚ್ಚಿದೆವು, ಬಿಸಿನೀರಿನ ಶಾಖ ಕೊಟ್ಟೆವು. ಆ ಶಾಖದಿಂದಲೇ ಬೊಬ್ಬೆ ಎದ್ದಿತೆಂದು ಈಗ ಅರ್ಥವಾಗುತ್ತಿದೆ. ಮೂರು ಸಲ ಒಂದು ದವಾಖಾನೆಗೂ ಕರೆದೊಯ್ದೆವು. ಸಕ್ಕರೆಯ ಅಂಕಿ ನೋಡಿ ಮಾತ್ರೆ ಬದಲಿಸಿದರು, ಬೂಟು ಬಿಚ್ಚೆಂದು ಯಾರೂ ಹೇಳಲಿಲ್ಲ. ತಪ್ಪು ಅವರದೊಂದೇ ಅಲ್ಲ, ನಮ್ಮದೂ ಇತ್ತು. ಅಣ್ಣ ಆಮೇಲೆ ಎರಡು ವರ್ಷ ಬದುಕಿದ. ಅಂಗಳದ ಬೇವಿನ ಗಿಡದ ತನಕ ಹೋಗಬೇಕಾದರೂ ಮತ್ತೊಬ್ಬರ ಹೆಗಲು ಬೇಕಾಗಿತ್ತು.

ನನ್ನ ಕಾಲು ಉಳಿಯಿತು. ಅಣ್ಣನದು ಉಳಿಯಲಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು? ಕಾಲು ನೋಡುವ ವಿದ್ಯೆ ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು? ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಕಲಿಸಿದ ನಾನು ಈ ಪ್ರಶ್ನೆಯನ್ನು ಎಂದೂ ಕೇಳಿಕೊಂಡಿರಲಿಲ್ಲ. ಉತ್ತರದ ಮೊದಲ ಎಳೆ ನಮ್ಮ ತಾಲ್ಲೂಕಿನಲ್ಲಿಯೇ ಇತ್ತು.

ಕಲ್ಯಾಣದ ಪಾದರಕ್ಷೆ

ಬಸವಕಲ್ಯಾಣಕ್ಕೆ ಹೋದವರೆಲ್ಲ ಹರಳಯ್ಯನ ಗವಿಯನ್ನು ನೋಡಿಯೇ ಇರುತ್ತೀರಿ. ಸಮಗಾರ ಹರಳಯ್ಯ ಹನ್ನೆರಡನೆಯ ಶತಮಾನದ ಶರಣ, ವೃತ್ತಿಯಿಂದ ಪಾದರಕ್ಷೆ ಮಾಡುವವನು. ಐತಿಹ್ಯ ಹೀಗಿದೆ: ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಹರಳಯ್ಯ ‘ಶರಣು’ ಎಂದ. ಅವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರು. ತಾನು ಕೊಟ್ಟ ಒಂದು ಶರಣಿಗೆ ಎರಡು ಶರಣು ಬಂದುವಲ್ಲ, ಈ ಭಾರವನ್ನು ತೀರಿಸುವುದು ಹೇಗೆಂದು ಅವನು ಕಳವಳಗೊಂಡ. ಗಂಡಹೆಂಡಿರು ತಮ್ಮ ತೊಡೆಯ ಚರ್ಮವನ್ನೇ ತೆಗೆದು, ಹದಮಾಡಿ, ಬಸವಣ್ಣನವರ ಪಾದಕ್ಕೆ ಚಮ್ಮಾವುಗೆ ಹೊಲಿದರು. ಅವುಗಳನ್ನು ಕಾಲಿಗೆ ಮೆಟ್ಟಲು ಬಸವಣ್ಣನವರಿಗೆ ಮನಸ್ಸಾಗಲಿಲ್ಲ. ತಲೆಯ ಮೇಲಿಟ್ಟುಕೊಂಡು ಗೌರವಿಸಿ ಹಿಂದಿರುಗಿಸಿದರು.

ಮುಂದಿನದು ದುರಂತ. ಹರಳಯ್ಯನ ಮಗ ಶೀಲವಂತನಿಗೂ ಮಧುವರಸನ ಮಗಳು ಲಾವಣ್ಯಳಿಗೂ ನಡೆದ ವಿವಾಹವನ್ನು ವರ್ಣಸಂಕರವೆಂದು ಬಗೆದ ಬಿಜ್ಜಳನ ಆಳ್ವಿಕೆ, ಇಬ್ಬರು ತಂದೆಯರನ್ನೂ ಎಳೆಹೂಟೆಯ ಶಿಕ್ಷೆಗೆ ಗುರಿಮಾಡಿತು. ಆನೆಯ ಕಾಲಿಗೆ ಕಟ್ಟಿ ಊರತುಂಬ ಎಳೆಸುವ ಶಿಕ್ಷೆ ಅದು. 1167-68ರ ಸುಮಾರಿನಲ್ಲಿ ಕಲ್ಯಾಣ ಹತ್ತಿ ಉರಿದದ್ದು ಆ ನಂತರ.

ಈ ಪಾಠವನ್ನು ನಾನು ಜಾತಿಸಮಾನತೆಯ ಪಾಠವಾಗಿ ಪ್ರತಿವರ್ಷ ಕಲಿಸಿದ್ದೇನೆ, ಅದು ಸರಿಯೇ. ಆದರೆ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದಾಗ ಅದರಲ್ಲಿ ಇನ್ನೊಂದು ಅಂಶ ಕಂಡಿತು. ತೊಡೆಯ ಚರ್ಮದ ಮಾತನ್ನು ಭಕ್ತಿಯ ಪರಾಕಾಷ್ಠೆಯೆಂದು ಓದಬಹುದು. ಹಾಗೆಯೇ ಅದು ಒಬ್ಬ ಕುಶಲಕರ್ಮಿಯ ತಿಳಿವಳಿಕೆಯೂ ಹೌದು. ಮನುಷ್ಯನ ಪಾದಕ್ಕೆ ಒಗ್ಗುವುದು ಚರ್ಮದಷ್ಟೇ ಮೃದುವಾದದ್ದು, ಪಾದರಕ್ಷೆಯೆಂದರೆ ಎರಡನೆಯ ಚರ್ಮ ಎಂಬುದು ಅವನಿಗೆ ಗೊತ್ತಿತ್ತು. ಪಾದದ ಅಳತೆ ತಿಳಿದವನು, ಯಾರ ಹಿಮ್ಮಡಿ ಎಲ್ಲಿ ಸವೆಯುತ್ತದೆ, ಯಾರ ಬೆರಳು ಎಲ್ಲಿ ಒತ್ತುತ್ತದೆ ಎಂದು ಬಲ್ಲವನು ನೆಲದ ಮೇಲೆ ಕುಳಿತ ಸಮಗಾರನೇ ಹೊರತು ಆಸನದ ಮೇಲಿದ್ದವರಲ್ಲ. ಈ ಮಾತು ಎಂಟು ಶತಮಾನಗಳ ಬಳಿಕ ವೈದ್ಯಶಾಸ್ತ್ರದಲ್ಲಿಯೂ ನಿಜವಾಯಿತು. ಅದಕ್ಕೆ ಮುಂದೆ ಬರುತ್ತೇನೆ.

ನಮ್ಮ ಊರುಗಳ ಪಾದವೈದ್ಯರು

ನಮ್ಮ ಪ್ರಾಚೀನರು ಪಾದವನ್ನು ಅಲಕ್ಷಿಸಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನ ದಿನಚರ್ಯೆಯಲ್ಲಿಯೇ ಪಾದಾಭ್ಯಂಗವನ್ನೂ ಪಾದರಕ್ಷೆ ಧರಿಸುವುದನ್ನೂ ಹೇಳುತ್ತದೆ. ಸುಶ್ರುತ ಕ್ಷುದ್ರರೋಗಗಳ ಪಟ್ಟಿಯಲ್ಲಿ ಪಾದದಾರಿ, ಕದರ, ಅಲಸ ಎಂಬ ಮೂರನ್ನು ವಿವರಿಸುತ್ತಾನೆ. ಪಾದದಾರಿ ನಮ್ಮ ಎರೆಹೊಲದ ರೈತರೆಲ್ಲರಿಗೂ ಪರಿಚಿತವಾದ ಹಿಮ್ಮಡಿ ಬಿರುಕು, ಕದರ ಕಾಲಿನ ಆಣಿ, ಅಲಸ ಕೆಸರಿನಲ್ಲಿ ನೆನೆದು ಬೆರಳ ಸಂದಿ ಕೊಳೆಯುವುದು. ಆಣಿಯನ್ನು ಬುಡಸಮೇತ ತೆಗೆದು ಕಾದ ಎಣ್ಣೆಯಿಂದ ಸುಡಬೇಕೆಂಬ ಚಿಕಿತ್ಸೆಯೂ ಅಲ್ಲಿದೆ. ಹೆಸರೇ ‘ಕ್ಷುದ್ರರೋಗ’, ಅಂದರೆ ಸಣ್ಣ ರೋಗ. ಸಣ್ಣದೆಂದು ಕರೆದದ್ದನ್ನು ಮುಂದಿನವರು ಸಣ್ಣದಾಗಿಯೇ ಕಂಡರೇನೋ.

ಹಳ್ಳಿಯಲ್ಲಿ ಈ ಕೆಲಸ ಗ್ರಂಥ ಓದಿದವರ ಪಾಲಿಗೆ ಬರಲಿಲ್ಲ. ನನ್ನ ಬಾಲ್ಯದಲ್ಲಿ ಉಗುರು ಒಳಬೆಳೆದರೆ, ಆಣಿ ಎದ್ದರೆ, ಜಾಲಿಮುಳ್ಳು ಮುರಿದು ಒಳಗುಳಿದರೆ ಹೋಗುತ್ತಿದ್ದದ್ದು ಕ್ಷೌರಿಕನ ಬಳಿಗೆ. ಅವನ ಚೀಲದಲ್ಲಿ ಕತ್ತಿಯ ಜೊತೆ ಉಗುರು ತೆಗೆಯುವ ಒಂದು ಪುಟ್ಟ ಉಳಿ ಇರುತ್ತಿತ್ತು. ಹರಡು ಉಳುಕಿದರೆ ಎಣ್ಣೆ ಹಚ್ಚಿ ನೀವುವವರು ಬೇರೆ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ತಮ್ಮ ಕಾಲಿನಿಂದ ಸವರಿದರೆ ಉಳುಕು ಬಿಡುತ್ತದೆಂಬ ನಂಬಿಕೆಯೂ ಇತ್ತು. ನಮ್ಮ ಓಣಿಯಲ್ಲಿ ಅಂಥ ಒಬ್ಬ ಹುಡುಗನಿದ್ದ, ಅವನ ಮನೆಯ ಮುಂದೆ ಸದಾ ಯಾರಾದರೂ ಕುಂಟುತ್ತ ನಿಂತಿರುತ್ತಿದ್ದರು.

ಇವೆಲ್ಲಕ್ಕಿಂತ ಭೀಕರವಾದದ್ದು ನಾರುಹುಣ್ಣು. ಈಗಿನ ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಭಾಗ್ಯ. ಉತ್ತರ ಕರ್ನಾಟಕದ ಒಣಜಿಲ್ಲೆಗಳಲ್ಲಿ ಜನ ಮೆಟ್ಟಿಲುಬಾವಿಗಳಿಗೆ ಇಳಿದು ನೀರು ತರುತ್ತಿದ್ದರು. ಆ ನೀರಿನಲ್ಲಿ ಕಣ್ಣಿಗೆ ಕಾಣಿಸದಷ್ಟು ಸಣ್ಣ ಸೈಕ್ಲಾಪ್ಸ್ ಜೀವಿಗಳು, ಅವುಗಳ ಹೊಟ್ಟೆಯಲ್ಲಿ ಹುಳುವಿನ ಮರಿಗಳು. ಕುಡಿದವನ ಮೈಯಲ್ಲಿ ಸುಮಾರು ಒಂದು ವರ್ಷ ಬೆಳೆದ ಹೆಣ್ಣುಹುಳು ಎರಡು ಮೂರು ಅಡಿ ಉದ್ದವಾಗಿ, ಹೆಚ್ಚಿನವರಲ್ಲಿ ಪಾದ ಅಥವಾ ಹರಡಿನ ಬಳಿ ಬೊಬ್ಬೆ ಎಬ್ಬಿಸಿ ಹೊರಬರುತ್ತಿತ್ತು. ಬೆಂಕಿಯಂಥ ಉರಿ. ಉರಿ ತಾಳಲಾರದೆ ಕಾಲನ್ನು ಬಾವಿಯ ನೀರಿಗಿಟ್ಟರೆ ಹುಳು ಅಲ್ಲಿಯೇ ಲಕ್ಷಗಟ್ಟಲೆ ಮರಿಗಳನ್ನು ಬಿಡುತ್ತಿತ್ತು. ಹೀಗೆ ಮತ್ತೆ ಊರಿಗೆಲ್ಲ ರೋಗ.

ನಮ್ಮ ಆಯಿಯ ಹರಡಿನ ಮೇಲೆ ಸುತ್ತಿದ ಹಗ್ಗದಂಥ ಗಾಯದ ಗುರುತಿತ್ತು. ಅವಳು ಹೇಳುತ್ತಿದ್ದಳು: ಮುದುಕ ಕ್ಷೌರಿಕ ಬೆಳಿಗ್ಗೆ ಬಂದು ನೆಲದ ಮೇಲೆ ಕೂತು, ಹುಳುವಿನ ತುದಿಯನ್ನು ಜೋಳದ ದಂಟಿನ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಬೆರಳಿನಷ್ಟು ಮಾತ್ರ ಎಳೆದು, ಬಟ್ಟೆ ಕಟ್ಟಿ ಹೋಗುತ್ತಿದ್ದ. ಅವಸರಪಟ್ಟು ಎಳೆದು ಹುಳು ತುಂಡಾದರೆ ಕಾಲೆಲ್ಲ ಬಾತು ಕೀವಾಗುತ್ತಿತ್ತು. ವಾರಗಟ್ಟಲೆ ಅವನು ಬಂದ. ಅವನಿಗೆ ಕೊಟ್ಟದ್ದು ಸುಗ್ಗಿಯಲ್ಲಿ ಒಂದಿಷ್ಟು ಜೋಳ. ಇಂದಿಗೂ ಈ ರೋಗಕ್ಕೆ ಔಷಧಿಯಿಲ್ಲ, ಲಸಿಕೆಯಿಲ್ಲ, ಕಡ್ಡಿಗೆ ಸುತ್ತಿ ತೆಗೆಯುವುದೇ ಚಿಕಿತ್ಸೆ.

ಭಾರತ ಸರಕಾರ 1983-84ರಲ್ಲಿ ನಾರುಹುಳು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿದಾಗ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೆಟ್ಟಿಲುಬಾವಿಗಳ ಬದಲು ಕೈಪಂಪುಗಳು ಬಂದವು, ನೀರಿಗೆ ಔಷಧಿ ಹಾಕಿದರು, ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. ಜೊತೆಗೆ ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ ರೋಗಿಗಳನ್ನು ಹುಡುಕಿ ಪಟ್ಟಿ ಮಾಡಿದರು. ದೇಶದ ಕೊನೆಯ ರೋಗಿ 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಳುಮುಕ್ತವೆಂದು ಘೋಷಿಸಿತು. ಔಷಧಿಯೇ ಇಲ್ಲದ ರೋಗವೊಂದನ್ನು ಬಾವಿ ನೋಡಿ, ಕಾಲು ನೋಡಿ ಗೆದ್ದ ಕಥೆ ಇದು.

ಲಂಡನ್ನಿನ ಬೀದಿಯಿಂದ ಕಾಲೇಜಿಗೆ

ಪಾದದ ಕೆಲಸ ಕೀಳೆಂಬ ಭಾವನೆ ನಮ್ಮಲ್ಲಿ ಮಾತ್ರ ಇತ್ತೆಂದು ತಿಳಿಯಬೇಡಿ. ಯುರೋಪಿನಲ್ಲಿಯೂ ಆಣಿ ಕೊಯ್ಯುವವರು ಬೀದಿಬೀದಿ ಕೂಗುತ್ತ ತಿರುಗುತ್ತಿದ್ದರು. ವೈದ್ಯರು ಅವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. 1785ರಲ್ಲಿ ಡೇವಿಡ್ ಲೋ ಎಂಬಾತ ಲಂಡನ್ನಿನಲ್ಲಿ ಈ ಬಗ್ಗೆ ಪುಸ್ತಕ ಬರೆದು ‘ಕಿರೋಪಾಡಿಸ್ಟ್’ ಎಂಬ ಹೆಸರನ್ನು ರೂಢಿಗೆ ತಂದ. 1845ರಲ್ಲಿ ಲೂಯಿಸ್ ಡರ್ಲಾಕರ್ ಎಂಬ ರಾಜಮನೆತನದ ಪಾದವೈದ್ಯ ಆಣಿ, ಉಗುರುಗಳ ರೋಗಗಳ ಬಗ್ಗೆ ಗ್ರಂಥವನ್ನು ಪ್ರಕಟಿಸಿದ. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ನರಿಗೂ ಇಸಾಕರ್ ಜಕರೀ ಎಂಬ ಪಾದವೈದ್ಯನಿದ್ದ. ನ್ಯೂಯಾರ್ಕಿನಲ್ಲಿ 1895ರಲ್ಲಿ ಈ ವೃತ್ತಿಯವರ ಸಂಘ, 1911ರಲ್ಲಿ ಶಾಲೆ, ಲಂಡನ್ನಿನಲ್ಲಿ 1913ರಲ್ಲಿ ಪಾದದ ಆಸ್ಪತ್ರೆ ಆರಂಭವಾದವು. ಬೀದಿಯ ಕಸುಬು ಹೀಗೆ ಕಾಲೇಜಿನ ವಿದ್ಯೆಯಾಯಿತು. ಈಗ ಅದಕ್ಕೆ ಪೋಡಿಯಾಟ್ರಿ ಎನ್ನುತ್ತಾರೆ. ನಮ್ಮ ಕ್ಷೌರಿಕನ ವಿದ್ಯೆ ಮಾತ್ರ ಅವನ ಚೀಲದಲ್ಲಿಯೇ ಉಳಿದು ಅವನೊಂದಿಗೇ ಹೋಯಿತು.

ವೆಲ್ಲೂರಿನ ಪಾಠ

ನನ್ನ ಕಾಲನ್ನು ಉಳಿಸಿದ ವಿದ್ಯೆ ಬಂದದ್ದು ಇನ್ನೊಂದು ದಾರಿಯಿಂದ, ಕುಷ್ಠರೋಗಿಗಳ ಪಾದದಿಂದ.

ನಮ್ಮ ಕಡೆ ಅದನ್ನು ‘ಮಹಾರೋಗ’ವೆಂದು ಕರೆದು, ಬಂದವರನ್ನು ಊರ ಹೊರಗಿಡುತ್ತಿದ್ದರು. ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಹಿರಿಯರಿಗೆ ನಿಜಾಮಾಬಾದ್ ಜಿಲ್ಲೆಯ ಡಿಚ್‌ಪಲ್ಲಿಯ ಹೆಸರು ಗೊತ್ತಿತ್ತು. ಇಸಾಬೆಲ್ ಕೆರ್ ಎಂಬ ವೈದ್ಯೆ 1915ರಲ್ಲಿ ಅಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ತೆರೆದಿದ್ದರು. ಆ ಕಾಲದಲ್ಲಿ ವೈದ್ಯರೂ ಜನರೂ ನಂಬಿದ್ದದ್ದು ಒಂದೇ: ಈ ರೋಗದಲ್ಲಿ ಮಾಂಸ ತಾನಾಗಿಯೇ ಕೊಳೆತು ಬೆರಳುಗಳು ಉದುರುತ್ತವೆ, ಅದಕ್ಕೆ ಉಪಾಯವಿಲ್ಲ.

ಈ ನಂಬಿಕೆಯನ್ನು ಮುರಿದವರು ಡಾ. ಪಾಲ್ ಬ್ರ್ಯಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಶಸ್ತ್ರವೈದ್ಯರಾಗಿ, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಒಮ್ಮೆ ತುಕ್ಕು ಹಿಡಿದ ಬೀಗವೊಂದನ್ನು ತೆರೆಯಲು ತಾವು ಹೆಣಗುತ್ತಿದ್ದಾಗ ಒಬ್ಬ ರೋಗಿ ಹುಡುಗ ಬಂದು ಕೀಲಿಯನ್ನು ಸಲೀಸಾಗಿ ತಿರುಗಿಸಿದನೆಂದೂ, ನೋಡಿದರೆ ಅವನ ಬೆರಳು ಎಲುಬಿನ ತನಕ ಕೊಯ್ದುಹೋಗಿತ್ತೆಂದೂ ಅವರು ಬರೆದುಕೊಂಡಿದ್ದಾರೆ. ಹುಡುಗನಿಗೆ ಅದು ತಿಳಿದೇ ಇರಲಿಲ್ಲ. ಇಂಥವನ್ನು ನೋಡುತ್ತ ನೋಡುತ್ತ ಅವರಿಗೆ ಖಚಿತವಾದದ್ದು ಇದು: ಮಾಂಸ ತಾನಾಗಿ ಕೊಳೆಯುವುದಿಲ್ಲ. ರೋಗ ನರಗಳನ್ನು ಕೊಲ್ಲುತ್ತದೆ, ನೋವು ಮಾಯವಾಗುತ್ತದೆ, ನೋವಿಲ್ಲದವನು ಗಾಯದ ಮೇಲೆಯೇ ನಡೆದು ತನ್ನ ಕಾಲನ್ನು ತಾನೇ ಸವೆಸುತ್ತಾನೆ. ನಮಗೆ ಕಾಲು ನೊಂದರೆ ಅರಿವಿಲ್ಲದೆಯೇ ಕುಂಟುತ್ತೇವೆ, ಭಾರವನ್ನು ಆ ಕಡೆಯಿಂದ ಈ ಕಡೆಗೆ ಹಾಕುತ್ತೇವೆ. ಅವನು ಕುಂಟುವುದಿಲ್ಲ. ಕುಂಟದಿರುವುದೇ ಅವನ ರೋಗ.

ಹಾಗಾದರೆ ಚಿಕಿತ್ಸೆ ಔಷಧಿಯಲ್ಲಿ ಮಾತ್ರ ಇರಲು ಸಾಧ್ಯವಿಲ್ಲ. ಗಾಯದ ಮೇಲಿನ ಭಾರವನ್ನು ತೆಗೆಯಬೇಕು. ಪಾದದ ಆಕಾರಕ್ಕೇ ಅಂಟಿಕೊಂಡಂತೆ ಪ್ಲಾಸ್ಟರ್ ಕಟ್ಟಿ, ಭಾರವನ್ನು ಇಡೀ ಅಂಗಾಲಿಗೂ ಮೀನಖಂಡಕ್ಕೂ ಹಂಚಿದರೆ ವರ್ಷಗಳ ಹುಣ್ಣು ವಾರಗಳಲ್ಲಿ ಮಾಯುತ್ತಿತ್ತು. ಶ್ರೀಲಂಕಾದಲ್ಲಿ ಮಿಲ್ರಾಯ್ ಪಾಲ್ ಎಂಬ ವೈದ್ಯರು 1930ರ ದಶಕದಲ್ಲಿಯೇ ಇಂಥ ಪ್ಲಾಸ್ಟರನ್ನು ಬಳಸಿದ್ದರು. ವೆಲ್ಲೂರಿನಲ್ಲಿ ಅದು ಪಳಗಿತು.

ಆದರೆ ಮಾಯ್ದ ಹುಣ್ಣು ಹಳೆಯ ಚಪ್ಪಲಿಯಲ್ಲಿ ಮತ್ತೆ ತೆರೆಯುತ್ತಿತ್ತು. ಇಲ್ಲಿ ವೈದ್ಯರಿಗೆ ಬೇಕಾದವನು ಸಮಗಾರ. ಮೊಳೆ ಹೊಡೆದ ಚಪ್ಪಲಿ ಕೂಡದು, ಮೊಳೆ ಒಳಗೆದ್ದರೆ ರೋಗಿಗೆ ತಿಳಿಯದು. ಅಟ್ಟೆ ಮೃದುವಾಗಿರಬೇಕು, ಆದರೆ ಭಾರಕ್ಕೆ ಚಪ್ಪಟೆಯಾಗಿಬಿಡಬಾರದು. ಅನೇಕ ಪ್ರಯೋಗಗಳ ಬಳಿಕ ದೊರೆತದ್ದು ಸೂಕ್ಷ್ಮ ಗಾಳಿಗುಳ್ಳೆಗಳಿರುವ ಮೈಕ್ರೋಸೆಲ್ಯುಲರ್ ರಬ್ಬರು. ಅದರಿಂದ ಮಾಡಿದ ‘ಎಂ.ಸಿ.ಆರ್. ಚಪ್ಪಲಿ’ಯನ್ನು ಸರಕಾರಿ ಕುಷ್ಠರೋಗ ಕಾರ್ಯಕ್ರಮ ಇಂದಿಗೂ ಸ್ಪರ್ಶಜ್ಞಾನವಿಲ್ಲದ ಪಾದದವರಿಗೆ ಉಚಿತವಾಗಿ ಕೊಡುತ್ತದೆ. ವೆಲ್ಲೂರಿನ ಬಳಿಯ ಕರಿಗಿರಿಯ ಕುಷ್ಠರೋಗ ಸಂಶೋಧನಾ ಕೇಂದ್ರದಲ್ಲಿ ಚರ್ಮದ ಕೆಲಸದವರಿಗೆ ಪಾದರಕ್ಷೆಯ ತರಬೇತಿ ದೊರೆಯಿತು. ಆಸ್ಪತ್ರೆಯೊಳಗೆ, ವೈದ್ಯರ ಸರಿಸಮಾನ ಸಹಾಯಕನಾಗಿ ಸಮಗಾರ ಕುಳಿತ. ಆ ಚಿತ್ರವನ್ನು ಕಲ್ಪಿಸಿಕೊಂಡಾಗ ನನಗೆ ಹರಳಯ್ಯ ನೆನಪಾದದ್ದರಲ್ಲಿ ಆಶ್ಚರ್ಯವೇನಿದೆ?

ಅದೇ ಕಾಲದಲ್ಲಿ ಜೈಪುರದಲ್ಲಿ ಇನ್ನೊಬ್ಬ ಕುಶಲಕರ್ಮಿ ಇದೇ ಬಗೆಯ ಕೆಲಸ ಮಾಡಿದರು. ಹೆಚ್ಚು ಶಾಲೆ ಕಲಿಯದ ರಾಮಚಂದ್ರ ಶರ್ಮ, ಶಸ್ತ್ರವೈದ್ಯ ಡಾ. ಪಿ. ಕೆ. ಸೇಥಿಯವರೊಂದಿಗೆ ಸೇರಿ 1968ರ ಸುಮಾರಿಗೆ ರೂಪಿಸಿದ ರಬ್ಬರಿನ ಕೃತಕ ಪಾದವೇ ಜೈಪುರ ಕಾಲು. ಅದನ್ನು ಹಾಕಿಕೊಂಡವರು ಹೊಲದಲ್ಲಿ ನಡೆಯಬಹುದು, ಚಕ್ಕಳಮಕ್ಕಳ ಹಾಕಿ ಕೂರಬಹುದು. ನೆಲದ ಮೇಲೆ ಕೂತು ಉಣ್ಣುವವರ ಕಷ್ಟ ನೆಲದ ಮೇಲೆ ಕೂತು ದುಡಿದವರಿಗೇ ತಿಳಿಯಿತು.

ಮಹಾರೋಗದಿಂದ ಸಕ್ಕರೆ ರೋಗಕ್ಕೆ

ಬ್ರ್ಯಾಂಡ್ 1966ರಲ್ಲಿ ಅಮೆರಿಕದ ಲೂಯಿಸಿಯಾನ ರಾಜ್ಯದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದರು. ಸಕ್ಕರೆ ಕಾಯಿಲೆಯವರ ಅಂಗಾಲಿನಲ್ಲಿ ಅವರಿಗೆ ಕಂಡದ್ದು ವೆಲ್ಲೂರಿನ ಹುಣ್ಣುಗಳೇ. ಕಾರಣ ಬೇರೆ, ಫಲ ಒಂದೇ. ಇಲ್ಲಿಯೂ ನರಗಳು ಮಂಕಾಗುತ್ತವೆ, ಪಾದ ಮೂಕವಾಗುತ್ತದೆ. ತಮಿಳುನಾಡಿನ ಬಡ ರೋಗಿಗಳ ಕಾಲಿನಲ್ಲಿ ಪಳಗಿದ ಪ್ಲಾಸ್ಟರು, ಅಮೆರಿಕದ ಮಧುಮೇಹಿಗಳ ಕಾಲುಗಳನ್ನು ಉಳಿಸತೊಡಗಿತು. ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, ಅದು ಬಾಗಿದಾಗ ಬೀಳುವ 10 ಗ್ರಾಂ ಒತ್ತಡ ರೋಗಿಗೆ ತಿಳಿಯುವುದೋ ಇಲ್ಲವೋ ಎಂದು ನೋಡುವ ಪರೀಕ್ಷೆಯೂ ಕಾರ್ವಿಲ್‌ನಲ್ಲಿಯೇ ಖಚಿತಗೊಂಡು ಜಗತ್ತಿಗೆ ಹರಡಿತು. ನನ್ನ ವಿದ್ಯಾರ್ಥಿನಿ ತನ್ನ ಕೈಚೀಲದಿಂದ ತೆಗೆದದ್ದು ಆ ಎಳೆಯನ್ನೇ. ಕಣ್ಣು ಮುಚ್ಚಿ ಕೂರಿಸಿ ಹತ್ತು ಕಡೆ ಮುಟ್ಟಿದಳು. ಮೂರು ಕಡೆ ಮಾತ್ರ “ಹೂಂ” ಎಂದೆನಂತೆ.

ಈ ಅರಿವು ಇನ್ನೂ ಹಳೆಯದಾಗಬಹುದಿತ್ತು. ಬಾಸ್ಟನ್ನಿನ ಮಧುಮೇಹ ತಜ್ಞ ಎಲಿಯಟ್ ಜಾಸ್ಲಿನ್ 1934ರಲ್ಲಿಯೇ, ಇನ್ಸುಲಿನ್ ಬಂದು ಹತ್ತು ಹನ್ನೆರಡು ವರ್ಷಗಳಾಗಿದ್ದಾಗ, ಮಧುಮೇಹಿಗಳ ಕಾಲು ಕೊಳೆಯುವುದು ವಿಧಿಲಿಖಿತವಲ್ಲ, ಶುಚಿತ್ವ ಮತ್ತು ಎಚ್ಚರಿಕೆಯಿಂದ ತಪ್ಪಿಸಬಹುದಾದದ್ದು ಎಂದು ವಾದಿಸಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜು ಆಸ್ಪತ್ರೆಯಲ್ಲಿ 1981ರಲ್ಲಿ ವೈದ್ಯ, ಶಸ್ತ್ರವೈದ್ಯ, ಪಾದವೈದ್ಯ, ದಾದಿ, ಪಾದರಕ್ಷೆ ಮಾಡುವವ ಎಲ್ಲರೂ ಒಂದೇ ಕಡೆ ಕೂರುವ ಪಾದಚಿಕಿತ್ಸಾಲಯ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ದೊಡ್ಡ ಅಂಗಚ್ಛೇದನಗಳು ಸುಮಾರು ಅರ್ಧಕ್ಕೆ ಇಳಿದವು. ಮಧುಮೇಹಿಗಳ ಅಂಗಚ್ಛೇದನಗಳನ್ನು ಅರ್ಧಕ್ಕೆ ಇಳಿಸಬೇಕೆಂಬ ಗುರಿಯನ್ನು 1989ರಲ್ಲಿ ಇಟಲಿಯ ಸೇಂಟ್ ವಿನ್ಸೆಂಟ್‌ನಲ್ಲಿ ಸೇರಿದ ಯುರೋಪಿನ ದೇಶಗಳು ಘೋಷಿಸಿದವು. ಕಾಲು ಕಳೆದುಕೊಳ್ಳುವ ಹತ್ತು ಮಧುಮೇಹಿಗಳಲ್ಲಿ ಎಂಟಕ್ಕೂ ಹೆಚ್ಚು ಜನರಲ್ಲಿ ಮೊದಲು ಇರುವುದು ಒಂದು ಚಿಕ್ಕ ಹುಣ್ಣು. ಅದನ್ನು ಆಗಲೇ ಯಾರಾದರೂ ನೋಡಿದ್ದರೆ ಎಂಬುದೇ ಎಲ್ಲ ಪ್ರಶ್ನೆ.

ನಮ್ಮ ದೇಶದಲ್ಲಿಯೂ ಕೆಲಸ ನಡೆದಿದೆ. ನಾಗಪುರದ ಡಾ. ಶರದ್ ಪೆಂಡಸೆ ಮುಂತಾದವರು 2000ದ ದಶಕದಲ್ಲಿ ‘ಸ್ಟೆಪ್ ಬೈ ಸ್ಟೆಪ್’ ಎಂಬ ಯೋಜನೆಯಲ್ಲಿ ವೈದ್ಯರನ್ನೂ ದಾದಿಯರನ್ನೂ ಜೋಡಿಜೋಡಿಯಾಗಿ ತರಬೇತುಗೊಳಿಸಿದರು. ಬೆಂಗಳೂರಿನ ಕರ್ನಾಟಕ ಎಂಡೊಕ್ರೈನಾಲಜಿ ಸಂಶೋಧನಾ ಸಂಸ್ಥೆಯಲ್ಲಿ ಪಾದಚಿಕಿತ್ಸೆಗೇ ವಿಭಾಗವಿದೆ. ಮಣಿಪಾಲದಲ್ಲಿಯೂ ಮಧುಮೇಹಿಗಳ ಪಾದಕ್ಕಾಗಿ ಕೇಂದ್ರವಿದೆ. ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹಾಯಕ ಆರೋಗ್ಯ ವೃತ್ತಿಪರರ ಕಾಯ್ದೆಯ ಅನುಸೂಚಿಯಲ್ಲಿ ಪೋಡಿಯಾಟ್ರಿಸ್ಟ್ ಎಂಬ ವೃತ್ತಿಯ ಹೆಸರೂ ಇದೆ. ಆದರೆ 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿ. ಮಂಠಾಳದಿಂದ ಬೆಂಗಳೂರಿಗೆ ಆರುನೂರು ಕಿಲೋಮೀಟರಿಗೂ ಹೆಚ್ಚು. ಕೂಳೆ ಚುಚ್ಚಿಸಿಕೊಂಡ ರೈತ ಅಷ್ಟು ದೂರ ಹೋಗುವ ಹೊತ್ತಿಗೆ ಕಾಲು ಉಳಿದಿರುತ್ತದೆಯೇ?

ನನಗೆ ಹೋಗಲು ಅನುಕೂಲವಿತ್ತು, ಮಗಳ ಮನೆಯಿತ್ತು. ಗಾಯವನ್ನು ಬಿಡಿಸಿ ಶುಚಿಗೊಳಿಸಿದರು. ಎಲುಬಿಗೆ ತಗುಲಿಲ್ಲವೆಂದು ಎಕ್ಸ್‌ರೇ ತೆಗೆದು ನೋಡಿದರು. ಕೀವಿಗೆ ಔಷಧಿ ಕೊಟ್ಟರು. ಕೀವು ನಿಂತ ಮೇಲೆ ವೆಲ್ಲೂರಿನಿಂದ ಕಾರ್ವಿಲ್‌ಗೆ ಹೋಗಿ ಜಗತ್ತು ಸುತ್ತಿ ಬಂದ ಅದೇ ಬಗೆಯ ಪ್ಲಾಸ್ಟರು ಕಟ್ಟಿದರು. ವಾರಕ್ಕೊಮ್ಮೆ ಬಿಚ್ಚಿ ನೋಡಿ ಮತ್ತೆ ಕಟ್ಟುವುದು. ಆರು ವಾರಗಳಲ್ಲಿ ಹುಣ್ಣು ಮುಚ್ಚಿತು. ಕೊನೆಯ ದಿನ ಒಬ್ಬರು ನೆಲದ ಮೇಲೆ ಕುಳಿತು ನನ್ನ ಎರಡೂ ಪಾದಗಳ ಅಚ್ಚು ತೆಗೆದುಕೊಂಡರು. ಹೊಸ ಪಾದರಕ್ಷೆ ಬಂತು, ನೋಡಲು ಚೆಂದವಿಲ್ಲ. ಊರಿನ ಹುಡುಗರು ನಗಬಹುದು, ನಗಲಿ.

ಇಷ್ಟು ಮಾಡಿ

ಸಕ್ಕರೆ ಇರುವವರು ದಿನಕ್ಕೊಮ್ಮೆ ಅಂಗಾಲು ನೋಡಿಕೊಳ್ಳಬೇಕು. ಬಾಗಲಾರದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು, ಅಥವಾ ಮೊಮ್ಮಕ್ಕಳಿಗೆ ಹೇಳಿ ನೋಡಿಸಬಹುದು. ಮನೆಯೊಳಗೂ ಬರಿಗಾಲಿನಲ್ಲಿ ತಿರುಗಬಾರದು. ಚಪ್ಪಲಿ, ಬೂಟುಗಳನ್ನು ಕೊಡವಿ, ಒಳಗೆ ಕೈಯಾಡಿಸಿ ನೋಡಿ ಹಾಕಿಕೊಳ್ಳಬೇಕು. ಬಿಸಿನೀರಿನ ಶಾಖ ಕೂಡದು. ಬೆರಳ ಸಂದಿಗಳನ್ನು ಒಣಗಿಸಿಕೊಳ್ಳಬೇಕು. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬಾರದು, ಅಂಗಡಿಯ ಆಣಿಪಟ್ಟಿ ಅಂಟಿಸಬಾರದು. ಪಾದ ಅಥವಾ ಹರಡು ನೋವಿಲ್ಲದೆ ಬಾತು ಬೆಚ್ಚಗಾದರೆ ಉಳುಕೆಂದು ನೀವಿಸಿಕೊಳ್ಳದೆ, ನಡೆದಾಡದೆ, ವೈದ್ಯರ ಬಳಿಗೆ ಹೋಗಬೇಕು. ಒಳಗೆ ಎಲುಬು ಮುರಿಯುತ್ತಿರಬಹುದು. ವರ್ಷಕ್ಕೊಮ್ಮೆಯಾದರೂ ವೈದ್ಯರೆದುರು ಬೂಟು ಬಿಚ್ಚಿ ಕೂರಬೇಕು. ಅವರು ಕೇಳದಿದ್ದರೆ ನಾವೇ ಬಿಚ್ಚಬೇಕು.

ಕಳೆದ ವಾರ ಹರಳಯ್ಯನ ಗವಿಗೆ ಹೋಗಿದ್ದೆ. ಬಾಗಿಲಲ್ಲಿ ಪಾದರಕ್ಷೆ ಬಿಡಬೇಕಲ್ಲ, ಅಲ್ಲಿಯೇ ಸ್ವಲ್ಪ ಹೊತ್ತು ನಿಂತೆ. ಮಧ್ಯಾಹ್ನದ ಕಾದ ಕಲ್ಲಿನ ಮೇಲೆ ಬರಿಗಾಲಿಡಬಾರದೆಂದು ವಿದ್ಯಾರ್ಥಿನಿಯ ಕಟ್ಟಪ್ಪಣೆ. ಅದಕ್ಕಾಗಿ ಬೆಳಗಿನ ತಂಪಿನಲ್ಲಿಯೇ ಹೋಗಿದ್ದೆ, ಕಾಲುಚೀಲ ಹಾಕಿಕೊಂಡೇ ಒಳಗೆ ಹೋದೆ. ಯಾರೂ ಏನೂ ಅನ್ನಲಿಲ್ಲ. ಅಣ್ಣನ ಹೆಸರಿನಲ್ಲಿ ಒಂದು ತೆಂಗಿನಕಾಯಿ ಇಟ್ಟು ಬಂದೆ.

ನೀವು ಹಬ್ಬಕ್ಕೆ ಊರಿಗೆ ಬರುತ್ತೀರಿ, ತಂದೆತಾಯಿಯರ, ಕಾಕಾ ಮಾಮಂದಿರ ಕಾಲಿಗೆ ಬೀಳುತ್ತೀರಿ. ಬಿದ್ದ ಕೂಡಲೇ ಏಳಬೇಡಿ. ಅವರನ್ನು ಕೂರಿಸಿ, ಕಾಲೆತ್ತಿ, ಅಂಗಾಲನ್ನೂ ಬೆರಳ ಸಂದಿಗಳನ್ನೂ ಒಮ್ಮೆ ನೋಡಿ. ಅವರು ಸಂಕೋಚಪಡುತ್ತಾರೆ, “ಏನೂ ಇಲ್ಲ ಬಿಡಪ್ಪ” ಎನ್ನುತ್ತಾರೆ. ನಾನೂ ಹಾಗೆಯೇ ಅಂದಿದ್ದೆ.